ನಡುಗೋಡೆಯ ಮೇಲಿನ ಛತ್ರಿ

ನವೆಂಬರ್ 3, ಸೋಮವಾರ

ಮಗಳು ಮಹಾನಂದಾಳಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಫೋನು ಬಂತು. ಅವಳೇ ಜನವರಿಯಲ್ಲಿ ಕೊಟ್ಟ ಈ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ನವಲಗುಂದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದಾಗ ದಿನವಿಡೀ ಬಸ್ಸುಗಳ ಹೊತ್ತು ಬರೆಯುತ್ತಿದ್ದೆ. ನಿವೃತ್ತಿಯಾಗಿ ತಿರ್ಲಾಪುರದ ಮನೆಯಲ್ಲೇ ಕೂತ ಮೇಲೆ ಬರೆಯಬೇಕೆಂದರೆ ಎಮ್ಮೆ ಹಿಂಡಿದ ಹೊತ್ತು ಮಾತ್ರ. ಇವತ್ತು ಬರೆಯಲು ಒಂದು ಕಾರಣ ಸಿಕ್ಕಿತು.

ಅವಳು ಹುಬ್ಬಳ್ಳಿಯಲ್ಲಿ ಎರಡು ವರ್ಷ ಕಿವಿ ಕೇಳದವರ ಸನ್ನೆ ಭಾಷೆ ಕಲಿತಳು. ಈಗ ಅದರದೇ ಕೆಲಸ. ಎಲ್ಲೋ ಒಂದು ಊರಲ್ಲಿ ಕಿವಿ ಕೇಳದ ಹೆಣ್ಣುಮಗಳು ಡಾಕ್ಟರ ಹತ್ತಿರ ಹೋಗುತ್ತಾಳೆ, ಡಾಕ್ಟರ ಮೇಜಿನ ಮೇಲಿನ ಪರದೆಯಲ್ಲಿ ನನ್ನ ಮಗಳು ಕಾಣುತ್ತಾಳೆ. ಆಕೆ ಕೈಯಲ್ಲಿ ಹೇಳಿದ್ದನ್ನು ಇವಳು ಬಾಯಲ್ಲಿ ಹೇಳಬೇಕು, ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳಬೇಕು. ಮನೆಯಲ್ಲೇ ಕೂತು ಮಾಡಬಹುದು. ಆದರೆ ಮನೆಗೆ ತಂತಿಯ ಇಂಟರ್ನೆಟ್ ಇರಲೇಬೇಕಂತೆ. ಡಿಸೆಂಬರ್ ಒಂದರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಲೈನ್ ಇರದಿದ್ದರೆ ಕೆಲಸ ಪಟ್ಟಿಯಲ್ಲಿ ಇವಳ ಕೆಳಗಿರುವವರಿಗೆ.

ಕೂತು ವಿಚಾರ ಮಾಡಿದೆ. ಊರಿನ ಹಳೆಯ ಕೇಬಲ್ ಅಂದರೆ ಸಾದಾ ಬಸ್ಸು, ಟಿವಿ ಹತ್ತಿಸಿಕೊಳ್ಳುತ್ತದೆ, ಇಂಟರ್ನೆಟ್ ಹತ್ತಿಸಿಕೊಳ್ಳುವುದಿಲ್ಲ. ಮಾಳಿಗೆ ಮೇಲಿನ ನಮ್ಮ ಡಿಶ್ ಛತ್ರಿಯದೂ ಅದೇ ಹಾಡು, ಮೇಲಾಗಿ ಮಳೆ ಬಂದರೆ ಓಡುವುದಿಲ್ಲ. ಮೊಬೈಲು ಸಂತೆ ದಿನದ ಬಸ್ಸು, ಬಾಗಿಲಿಗೆ ಜೋತು ಬೀಳಬೇಕು, ಅದೂ ಮಾಳಿಗೆ ಹತ್ತಿ ನೀರಿನ ಟಾಕಿ ಕಡೆ ಮುಖ ಮಾಡಿದರೆ. ಉಳಿದದ್ದು ಫೈಬರ್. ಇದು ನಾನ್‌ಸ್ಟಾಪ್. ಟಿವಿಯೂ ಅದರಲ್ಲೇ, ಇಂಟರ್ನೆಟ್ಟೂ ಅದರಲ್ಲೇ. ಹೆಂಡತಿ ಗುರವ್ವನ ಶರತ್ತು ಒಂದೇ: ಯಾವುದೇ ಬರಲಿ, ಮಧ್ಯಾಹ್ನ ಒಂದೂವರೆಯ ಧಾರಾವಾಹಿ ತಪ್ಪಬಾರದು.

ಹಾಗಂತ ಛತ್ರಿಯನ್ನು ಇಳಿಸುವುದಿಲ್ಲ. ನಡುಗೋಡೆಯ ಮೇಲೆ ನಾನೇ ನಿಂತು ಹಾಕಿಸಿದ್ದು. ಹನ್ನೊಂದು ವರ್ಷದ ಗಾಳಿಗೆ ಒಂದು ಬೆರಳು ಅಲುಗಾಡಿಲ್ಲ. ಈ ಸಂಗನಬಸವನ ಕೆಲಸ ಅಂದರೆ ಹಾಗೆ.

ನವೆಂಬರ್ 5, ಬುಧವಾರ

ನವಲಗುಂದದಿಂದ ಫೈಬರ್ ಹಾಕುವ ಇಸ್ರಾರ್ ಬಂದಿದ್ದ. ನಲವತ್ತರ ಆಸುಪಾಸಿನ ಗಂಡಸು, ಸೊಂಟಕ್ಕೆ ತಂತಿಯ ಸುರುಳಿ, ಕಿವಿಯ ಮೇಲೆ ಪೆನ್ಸಿಲ್ಲು. ಮಾಳಿಗೆ ಹತ್ತಿ ನಾಲ್ಕೂ ದಿಕ್ಕು ನೋಡಿ ಖುಷಿಯಾದ.

"ಕಾಕಾ, ಅಗದಿ ಸಸಾರ. ಕಂಬ ನಿಮ್ಮ ತಮ್ಮರ ಹಿತ್ತಲದಾಗ ಐತಿ. ಅವರ ಮಾಳಗಿ ಮ್ಯಾಲಿಂದ ತಂದ್ರ ನೆಟ್ಟಗ ನಿಮ್ಮ ನಡುಗ್ವಾಡಿಗೆ ಬರತೈತಿ. ಅರ್ಧ ತಾಸಿನ ಕೆಲಸ."

"ಅದು ಆಗೂದಿಲ್ಲ."

"ಯಾಕ್ರಿ? ಕಂಬ ಅಲ್ಲೇ ಐತಲ್ರಿ."

"ಕಂಬ ಐತಿ. ಮಾತಿಲ್ಲ."

ಇಸ್ರಾರ್ ಸೊಂಟದ ಸುರುಳಿಯನ್ನು ಎತ್ತಿ ತೋರಿಸಿದ. "ಮಾತ ಯಾಕ ಬೇಕ್ರಿ ಕಾಕಾ? ಇದು ಬೆಳಕಿನ ಮ್ಯಾಲ ನಡಿಯೂದು," ಅಂದ. ನನಗೆ ನಗು ಬರಲಿಲ್ಲ.

ಬಾಜುಮನೆಯವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಒಡಹುಟ್ಟಿದವನು ಅನ್ನುವುದು ನಿಜ, ಮಧ್ಯೆ ಒಂದೇ ಗೋಡೆ ಅನ್ನುವುದೂ ನಿಜ. ಹನ್ನೊಂದು ವರ್ಷದ ಹಿಂದೆ ನಾನು ಛತ್ರಿ ಹಾಕಿಸಿದಾಗ ಬೋಲ್ಟಿನ ತೂತಿನಿಂದ ಮಳೆನೀರು ಅವನ ಕಡೆ ಇಳಿಯಿತು. ನಾಲ್ಕು ಚೀಲ ಜೋಳ ಚೀಲದಲ್ಲೇ ಮೊಳಕೆ ಒಡೆಯಿತು. ಓಣಿಯ ಮಂದಿಯೆಲ್ಲ ಕೇಳುವಂತೆ ಕೂಗಿದ: "ಮಳಿಗೆ ಹಿಡಿಯೂ ಛತ್ರಿ ನೋಡೀನಿ, ಮಳಿ ತರೂ ಛತ್ರಿ ಇದೊಂದ ನಾ ಕಂಡದ್ದು!" ನಾನೂ ಬಿಡಲಿಲ್ಲ: "ಮಳಿಗೆ ನಾ ಏನ್ ರಿಸರ್ವೇಶನ್ ಮಾಡಿಸಿ ಕರಸೀನೇನು?" ಮಂದಿ ನಕ್ಕರು. ಅವರು ನಕ್ಕದ್ದೇ ತಪ್ಪಾಯಿತು. ಅಂದಿನಿಂದ ಅವನು ನನ್ನನ್ನು ಕರೆದಿಲ್ಲ, ನಾನು ಓ ಅಂದಿಲ್ಲ.

ಅದಕ್ಕೆ ಊರಲ್ಲಿ ಇವತ್ತಿಗೂ ನನ್ನ ಬೆನ್ನ ಹಿಂದೆ "ಛತ್ರಿ ಸಂಗನಬಸವ" ಅನ್ನುತ್ತಾರೆ. ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ.

ರೊಟ್ಟಿ ಬಡಿಯುತ್ತಾ ಗುರವ್ವ ಅಂದಳು, "ನಿಮ್ಮ ತಮ್ಮಗ ಒಂದ ಮಾತ ಕೇಳಿದ್ರ ನಿಮ್ಮ ನಾಲಗಿ ಏನ್ ಸವದ ಹೋಗತೈತೇನು?"

ಬೇರೆ ದಾರಿ ಇದ್ದೇ ಇರುತ್ತದೆ. ಒಂದು ರಸ್ತೆ ಬಂದಾದರೆ ಬಸ್ಸು ಸುತ್ತು ಹಾಕಿಕೊಂಡು ಹೋಗುವುದಿಲ್ಲವೇ?

ನವೆಂಬರ್ 8, ಶನಿವಾರ

ತಂತಿಯೇ ಬೇಡದ ಪೆಟ್ಟಿಗೆಯೊಂದನ್ನು ಕಿಟಕಿಯಲ್ಲಿಟ್ಟು ನೋಡಿದೆವು. ಗಾಳಿಯಲ್ಲಿ ಬರುವ ಇಂಟರ್ನೆಟ್. ತಂತಿ ಬೇಕು ಅಂದವರಿಗೆ ವೇಗ ತೋರಿಸಿದರೆ ಒಪ್ಪಬಹುದು ಅಂತ ನನ್ನ ಲೆಕ್ಕ.

ಮಹಾನಂದಾಳ ಜೊತೆ ಕಲಿತ ಗೆಳತಿ ಆ ಕಡೆಯಿಂದ ರೋಗಿಯ ಪಾರ್ಟು ಮಾಡಿದಳು. ಶುರುವಿಗೆ ಚೆನ್ನಾಗಿತ್ತು. ಆಮೇಲೆ ಆ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟಳು, ಅಲ್ಲಿಗೆ ಚಿತ್ರ ನಿಂತಿತು. ಕೈ ಹೊಟ್ಟೆಯ ಮೇಲೆಯೇ. ನಾನು ಎರಡು ನಿಮಿಷ ಗಡಿಯಾರ ನೋಡಿದೆ.

"ಹಸಿವಿ ಇರಬೇಕು," ಅಂದೆ.

"ನೋವು ಇರಬೇಕು," ಅಂದಳು ಗುರವ್ವ. "ಇಲ್ಲಾ ಬಸಿರು."

ಮಹಾನಂದಾ ನಗಲಿಲ್ಲ. "ಅಪ್ಪಾ, ಇದ ನೋಡು. ನಾ ತಪ್ಪ ಹೇಳಿದ್ರ ಡಾಕ್ಟರ್ ತಪ್ಪ ಗುಳಿಗಿ ಕೊಡತಾರ. ಮಾತ ಕಟ್ಟಾದ್ರ ಇನ್ನೊಮ್ಮೆ ಕೇಳಬಹುದು. ಬೆರಳಿನ ಸನ್ನಿ ಕಟ್ಟಾದ್ರ ಏನ್ ಕಟ್ಟಾತು ಅನ್ನೂದ ಗೊತ್ತಾಗೂದಿಲ್ಲ," ಅಂದಳು.

ಮಗಳು ಮಾಡುವ ಕೆಲಸ ಎಂಥದ್ದು ಅಂತ ನನಗೆ ಇವತ್ತು ಗೊತ್ತಾಯಿತು. ಪೆಟ್ಟಿಗೆ ವಾಪಸು.

ನವೆಂಬರ್ 11, ಮಂಗಳವಾರ

ಲೈನ್ ಬಂತು! ಸುತ್ತು ದಾರಿಯಲ್ಲಿ ಬಂತು. ಎದುರು ಸಾಲಿನ ಮೂಲೆಯಲ್ಲಿ ಇನ್ನೊಂದು ಕಂಬ ಇತ್ತು. ಅಲ್ಲಿಂದ ರಸ್ತೆ ದಾಟಿಸಿ ನಮ್ಮ ತಲೆಬಾಗಿಲ ಮೇಲಕ್ಕೆ ತರುವುದು ನನ್ನದೇ ಯೋಜನೆ. ಎತ್ತರವನ್ನೂ ನಾನೇ ಹೇಳಿದೆ. ಇಸ್ರಾರ್ ಏಣಿಯ ಮೇಲೆ ನಿಂತು, "ಇನ್ನೊಂಚೂರು ಏರಸೂಣೇನ್ರಿ ಕಾಕಾ?" ಅಂದ.

"ಬ್ಯಾಡ. ಬಸ್ಸಿನ ಮ್ಯಾಲ ಎರಡ ಫೂಟ ಬಿಟ್ಟೀನಿ. ಬಸ್ಸಿನ ಎತ್ತರ ನನಗ ಹೇಳಾಕ ಬರಬ್ಯಾಡ."

ಮೂರೂವರೆಯ ಬಸ್ಸು ಅದರ ಕೆಳಗೆ ಆರಾಮವಾಗಿ ಹಾಯ್ದು ಹೋಯಿತು. ಡ್ರೈವರ್ ನನಗೆ ಕೈ ಎತ್ತಿದ. ನಾನೂ ಎತ್ತಿದೆ.

ಸಂಜೆ ಗುರವ್ವ ಟಿವಿಯಲ್ಲಿ ಒಂದೊಂದೇ ಚಾನೆಲ್ ಒತ್ತುತ್ತಾ ಕೂತಳು. ಅರ್ಥವಾಗದ ಭಾಷೆಯ ಅಡುಗೆ ಕಾರ್ಯಕ್ರಮ ನೋಡಿ, "ಇವರೂ ನಮ್ಮಂಗ ಒಗ್ಗರಣಿಗೆ ಸಾಸವಿನ ಹಾಕತಾರ ನೋಡ್ರಿ," ಅಂತ ಸಮಾಧಾನಪಟ್ಟಳು. ಮಹಾನಂದಾ ಗೆಳತಿಯ ಜೊತೆ ಒಂದು ತಾಸು ಕೈಮಾತು ಆಡಿದಳು. ಒಂದು ಬೆರಳೂ ನಿಲ್ಲಲಿಲ್ಲ.

ಬಾಜುಮನೆಯ ಹಂಗಿಲ್ಲದೆ ಕೆಲಸ ಆಯಿತು. ಇವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡರೆ ತಪ್ಪಿಲ್ಲ.

ನವೆಂಬರ್ 13, ಗುರುವಾರ

ಹತ್ತಿ ಟ್ರ್ಯಾಕ್ಟರ್ ಲೈನ್ ಎಳೆದುಕೊಂಡು ಹೋಯಿತು. ಬಾಜುಮನೆಯವನದೇ ಹತ್ತಿ. ಬರೆಯುವ ಮನಸ್ಸಿಲ್ಲ.

ನವೆಂಬರ್ 14, ಶುಕ್ರವಾರ

ಹತ್ತಿ ಬಿಡಿಸುವ ಕಾಲ. ಅಣ್ಣಿಗೇರಿಗೆ ಹೋಗುವ ಟ್ರ್ಯಾಕ್ಟರುಗಳಲ್ಲಿ ಹತ್ತಿಯನ್ನು ತುಳಿದು ತುಳಿದು ಬಸ್ಸಿಗಿಂತ ಒಂದಾಳು ಎತ್ತರ ಹೇರುತ್ತಾರೆ. ಇದು ಈ ಸೀಮೆಯ ಸಣ್ಣ ಹುಡುಗಿಗೂ ಗೊತ್ತು. ಈ ಊರಲ್ಲೇ ಹುಟ್ಟಿದ ನನಗೆ ಬಸ್ಸು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಚಹಾದಂಗಡಿಯಲ್ಲಿ ಒಬ್ಬ ನನ್ನನ್ನು ನೋಡಿ, "ಕಂಟ್ರೋಲರ್ ಸಾಹೇಬ್ರ, ಹತ್ತಿಗೆ ಟಿಕೀಟ ತಗೊಂಡ್ರಿಲ್ಲೋ?" ಅಂದ. ನಾನೂ ನಕ್ಕೆ. ನಗದೆ ಏನು ಮಾಡಲಿ!

ಬೇಕಂತಲೇ ಮಾಡಿದ್ದು ಅಂತ ನಿನ್ನೆಯೆಲ್ಲ ಕುದಿಯುತ್ತಿದ್ದೆ. ಬೆಳಿಗ್ಗೆ ಮಾಳಿಗೆ ಹತ್ತಿದರೆ ನಡುಗೋಡೆಯ ಮೇಲೆ ಆ ತಂತಿ ಇತ್ತು. ಮಣ್ಣು ಒರೆಸಿ, ಒಂದೇ ಅಳತೆಯ ಸುರುಳಿ ಸುತ್ತಿ, ಸೆಣಬಿನ ಹುರಿಯಿಂದ ಮೂರು ಕಡೆ ಕಟ್ಟಿ ಇಡಲಾಗಿತ್ತು.

"ನಿನ್ನೆ ಕ್ರಾಸಿನಿಂದ ಇಲ್ಲಿ ತನಕ ನಡಕೋಂತ ಸುತ್ತಿಕೊಂಡ ಬಂದಾರ," ಅಂದಳು ಗುರವ್ವ. "ನಾ ನೋಡೀನಿ. ತುಳದೀರಿ ಅಂತ ದಾರ್ಯಾಗಿನ ಮಂದಿಗೆ ಬೈಕೋಂತ ಬಂದ್ರು."

ಕ್ರಾಸು ಇಲ್ಲಿಂದ ಒಂದೂವರೆ ಕಿಲೋಮೀಟರು. ಸುರುಳಿ ಚೆನ್ನಾಗಿಯೇ ಸುತ್ತಿದ್ದಾನೆ ಬಾಜುಮನೆಯವ. ಚಿಕ್ಕಂದಿನಲ್ಲಿ ಗಾಳಿಪಟದ ದಾರ ಸುತ್ತುವುದೂ ಅವನ ಕೆಲಸವೇ ಆಗಿತ್ತು.

ಇಸ್ರಾರ್ ಫೋನಿನಲ್ಲಿ ಹೇಳಿದ್ದು: ಆ ರಸ್ತೆಯಲ್ಲಿ ಹತ್ತಿ ಮುಗಿಯುವ ತನಕ, ಅಂದರೆ ಫೆಬ್ರವರಿ ತನಕ, ಲೈನ್ ಉಳಿಯುವುದಿಲ್ಲ. ಉಳಿದದ್ದು ಮಾಳಿಗೆಯ ದಾರಿ ಒಂದೇ.

ನವೆಂಬರ್ 16, ರವಿವಾರ

ಇವತ್ತು ಒಂದು ಸಂಗತಿ ಕಂಡುಹಿಡಿದೆ. ಕಂಡುಹಿಡಿಯದಿದ್ದರೇ ಚೆನ್ನಾಗಿತ್ತು.

ಬಾಜುಮನೆಯ ಮಗಳು ಸೌಂದರ್ಯಾಗೆ ಈಗ ಹದಿನೆಂಟು. ಹುಟ್ಟಿದಂದಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ನಾನು ಕಡಲೆ ಒಣಹಾಕಲು ಮಾಳಿಗೆ ಹತ್ತಿದರೆ ಆ ಕಡೆ ಅವಳು, ಈ ಕಡೆ ನನ್ನ ಮಗಳು, ನಡುವೆ ಗೋಡೆ. ಇಬ್ಬರ ಕೈಗಳೂ ಗಿರಣಿ ಓಡಿದ ಹಾಗೆ ಓಡುತ್ತಿವೆ. ಒಂದು ಸದ್ದಿಲ್ಲ.

ಕೇಳಿದೆ. ಮಹಾನಂದಾ ಮುಚ್ಚಿಡಲಿಲ್ಲ. "ಹನ್ನೊಂದ ವರ್ಷದಿಂದ ಊರಾಗ ಇದ್ದಾಗೆಲ್ಲಾ ಮಾತಾಡತೀವಿ ಅಪ್ಪಾ. ನಂಗ ಸನ್ನಿ ಕಲಿಸಿದಾಕೀನ ಆಕಿ. ನೀವ ಮಾತ ಬಿಟ್ಟೀರಿ. ನಾವ ಮಾತ ಆಡೇ ಇಲ್ಲಲ್ಲ, ಬಿಡೂದೆಲ್ಲಿ ಬಂತು?"

ಕೆಳಗಿಳಿಯುವಾಗ ಮತ್ತೆ ತಿರುಗಿ ನೋಡಿದೆ. ಸೌಂದರ್ಯಾ ನನ್ನ ಕಡೆ ಕಣ್ಣು ತೋರಿಸಿ, ತನ್ನ ಬಲಹೆಗಲನ್ನು ತಾನೇ ಎರಡು ಸಲ ತಟ್ಟಿಕೊಂಡಳು. ಮಹಾನಂದಾ ನಕ್ಕು ತಾನೂ ಹಾಗೇ ಮಾಡಿದಳು.

ನನಗೆ ತಿಳಿಯದೇ? ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವ. ಬಡಾಯಿಕೋರ. ಓಣಿಯವರು ಛತ್ರಿ ಅಂದರು, ಸಹಿಸಿಕೊಂಡೆ. ಹೆತ್ತ ಮಗಳೂ ಆಡಿಕೊಂಡರೆ ಎಲ್ಲಿಗೆ ಹೋಗುವುದು?

ನವೆಂಬರ್ 19, ಬುಧವಾರ

ಇವರು ನನ್ನ ಬಗ್ಗೆ ಇನ್ನೇನು ಅನ್ನುತ್ತಾರೋ ನೋಡಬೇಕು ಅಂತ ಸನ್ನೆ ಕಲಿಯಲು ಶುರು ಮಾಡಿದ್ದೇನೆ. ಇದು ಕಲಿಕೆಯಲ್ಲ, ಗೂಢಚರ್ಯೆ.

ಟಾಕಿ ಕಡೆ ಮುಖ ಮಾಡಿ ಫೋನಿನಲ್ಲಿ ಪಾಠ ನೋಡುತ್ತೇನೆ. ನೀರು, ಊಟ, ಬಾ, ಹೋಗು, ಚೆನ್ನಾಗಿದೆ. ಚಿತ್ರ ನಡುನಡುವೆ ನಿಲ್ಲುವುದರಿಂದ ಎಷ್ಟೋ ಸನ್ನೆ ಅರ್ಧವೇ ಕಲಿತಿದ್ದೇನೆ. ಮಧ್ಯಾಹ್ನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದಾಗ ಸಂಶಿಗೆ ಹೊರಟ ಮುದುಕಿಯೊಬ್ಬಳು, "ಸೊಳ್ಳಿ ಭಾಳ ಅದಾವೇನ ಯಪ್ಪಾ?" ಅಂತ ಕೇಳಿದಳು.

ಕೆಲಸಕ್ಕೆ ಇನ್ನು ಹನ್ನೆರಡು ದಿನ. ಮಹಾನಂದಾ ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದ್ದರೆ ಬೈದು ಹಗುರಾಗುತ್ತಿದ್ದೆ.

ನವೆಂಬರ್ 21, ಶುಕ್ರವಾರ

ನಮ್ಮ ಕಡೆ ಮಾತು ಬಿಟ್ಟವರಿಗೂ ಒಂದು ದಾರಿ ಇದೆ. ಎದುರಿನವನಿಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳಬಹುದು, ಎಮ್ಮೆಗೆ ಹೇಳಬಹುದು. ಅದು ಮಾತಾಡಿದ ಲೆಕ್ಕವಲ್ಲ. ಈ ಹನ್ನೊಂದು ವರ್ಷದಲ್ಲಿ ನಾವು ಅದನ್ನೂ ಮಾಡಿರಲಿಲ್ಲ. ಇವತ್ತು ಬೆಳಿಗ್ಗೆ ಮಾಳಿಗೆ ಹತ್ತಿ, ಆ ಕಡೆ ಕೆಮ್ಮಿದ್ದು ಕೇಳಿ, ಗೋಡೆಯ ಕಡೆ ತಿರುಗಿ ಗಂಟಲು ಸರಿ ಮಾಡಿಕೊಂಡೆ.

"ಗ್ವಾಡೇ, ಒಂದ ತಂತಿ ಈ ಮಾಳಗಿ ಮ್ಯಾಲಿಂದ ಹಾಯಬೇಕಾಗೇತಿ. ಹುಡುಗಿ ನೌಕರಿ ಪ್ರಶ್ನಿ."

ಆ ಕಡೆ ಹಿತ್ತಲಿನ ಎಮ್ಮೆಗೆ ಹೊಳೆಪ್ಪ ಹೇಳಿದ್ದು ಕೇಳಿಸಿತು.

"ಕೇಳಿದೇನ ಗೌರಿ? ಹುಡುಗಿ ನಮ್ಮದೂ ಹೌದು. ತಂತಿ ಹಾಯಲಿ. ಆದ್ರ ನನ್ನ ಗ್ವಾಡಿಗೆ ಒಂದ ಹೊಸಾ ತೂತ ಬೀಳಬಾರದು."

"ಗ್ವಾಡೇ, ತೂತ ಹೊಡಿಲಾರದ ತಂತಿ ಎದಕ್ಕ ಕಟ್ಟೂದು?"

"ಗೌರೀ, ಹಳೇ ತೂತ ಅದಾವಲ್ಲ, ನಾಕು. ಆ ಛತ್ರಿ ಕಿತ್ತ ಅಲ್ಲೇ ಕೊಕ್ಕಿ ಹಾಕಲಿ. ಛತ್ರಿ ಇಳಿಲಿಕ್ಕೇ ಬೇಕು."

ಎಮ್ಮೆ ಕೂಗಿತು. ಅದು ಯಾರ ಕಡೆಯೋ ತಿಳಿಯಲಿಲ್ಲ.

ಛತ್ರಿ ಇಳಿಸುವುದೆಂದರೆ ಹನ್ನೊಂದು ವರ್ಷ ನಾನು ತಪ್ಪಿದ್ದೆ ಅಂತ ಊರಿಗೆಲ್ಲ ಕಾಣುವಂತೆ ಹೇಳಿದ ಹಾಗೆ. ಎಲ್ಲರ ಮಾಳಿಗೆಯಿಂದಲೂ ಅದು ಕಾಣುತ್ತದೆ.

ಮೇಲೆ ಅವನ ಹೆಸರು ಬರೆದುಬಿಟ್ಟಿದ್ದೇನೆ. ಹೊಡೆದು ಹಾಕಿದರೆ ಪುಟ ಹೊಲಸಾಗುತ್ತದೆ. ಇರಲಿ.

ನವೆಂಬರ್ 22, ಶನಿವಾರ

ಇಳಿಸುವುದಿಲ್ಲ.

ನವೆಂಬರ್ 24, ಸೋಮವಾರ

ಇಳಿಸುವುದಿಲ್ಲ ಅಂತ ಗುರವ್ವನಿಗೆ ಹೇಳಿದೆ. "ನಾ ಕೇಳೇ ಇಲ್ಲಲ್ರಿ," ಅಂದಳು.

ನವೆಂಬರ್ 25, ಮಂಗಳವಾರ

ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದೆ. ಮಹಾನಂದಾ ಗೋಡೆಗೆ ತೂಗುಹಾಕಿದ ಕನ್ನಡಿಯ ಮುಂದೆ ಕೂತಿದ್ದಳು. ಬೆನ್ನು ನನ್ನ ಕಡೆ. ಕನ್ನಡಿಯಲ್ಲಿ ಕೈಗಳು ಕಾಣುತ್ತಿದ್ದವು. ಯಾರೋ ಡಾಕ್ಟರು ಏನೋ ಕೇಳುತ್ತಿದ್ದಾರೆ, ಇವಳು ಕೇಳಿಸಿಕೊಂಡು ಕೈಯಲ್ಲಿ ಹೇಳುತ್ತಿದ್ದಾಳೆ ಅನ್ನುವಂತೆ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಮುಖವೂ ಕೈಯ ಜೊತೆ ಮಾತಾಡುತ್ತಿತ್ತು.

ನನಗೆ ಮೂರು ಮಾತು ತಿಳಿದವು. ನೀರು. ಎಷ್ಟು ದಿನ. ಹೆದರಬೇಡ.

ಹೆದರಬೇಡ ಅನ್ನುವಾಗ ಅವಳ ಕೈ ಎಷ್ಟು ಮೆತ್ತಗೆ ಇಳಿಯಿತು ಅಂದರೆ, ಎಂದೂ ಕಾಣದ ಆ ರೋಗಿಯ ಸಂಕಟ ನನ್ನಲ್ಲೇ ಕಡಿಮೆಯಾದ ಹಾಗಾಯಿತು. ಇಂಥ ಕೈಯನ್ನು ಒಂದು ತಗಡಿನ ಬುಟ್ಟಿಗೋಸ್ಕರ ನಾನು ಕೆಲಸವಿಲ್ಲದೆ ಕೂರಿಸಿಕೊಂಡಿದ್ದೇನೆ. ನನಗೆ ನಾಚಿಕೆಯಾಯಿತು.

ನಾಳೆ ಬೆಳಿಗ್ಗೆ ಏಳಕ್ಕೆ ಛತ್ರಿ ಇಳಿಯುತ್ತದೆ.

ನವೆಂಬರ್ 26, ಬುಧವಾರ

ಏಳಕ್ಕೆ ಸರಿಯಾಗಿ ಪಾನಾ ಹಿಡಿದು ಹತ್ತಿದೆ. ನಾಲ್ಕೂ ಬೋಲ್ಟು ತುಕ್ಕು ಹಿಡಿದಿದ್ದವು. ಹನ್ನೊಂದು ವರ್ಷದ ಗಾಳಿಗೆ ಅಲುಗಾಡದ ಛತ್ರಿ, ಬಿಚ್ಚುವುದು ಹೇಗೆ ಅಂತ ಎಣ್ಣೆ ಹಾಕಿ ಒಂದು ಬೋಲ್ಟಿಗೆ ಕೈ ಹಚ್ಚಿದೆ. ಪೂರ್ತಿ ಸಡಿಲವಾಗಿತ್ತು. ಎರಡನೆಯದೂ ಹಾಗೇ. ನಾಲ್ಕೂ ಬೆರಳಿನಲ್ಲೇ ಬಂದವು.

ಆದರೂ ಛತ್ರಿ ಬೀಳಲಿಲ್ಲ. ಎಳೆದರೂ ಬರಲಿಲ್ಲ.

ಗೋಡೆಯ ಮೇಲೆ ಬಗ್ಗಿ ಆ ಕಡೆ ನೋಡಿದೆ. ಛತ್ರಿಯ ಕಾಲಿಗೆ ಅವರ ಕಡೆಯಿಂದ ಗಟ್ಟಿ ತಂತಿ ಸುತ್ತಿ ಮಾಳಿಗೆಯ ತೊಲೆಗೆ ಬಿಗಿಯಲಾಗಿತ್ತು. ಒಂದು ಸುತ್ತು ಹಳೆಯದು, ತುಕ್ಕು ತಿಂದದ್ದು. ಅದರ ಮೇಲೊಂದು, ಅದರ ಮೇಲೆ ಇನ್ನೊಂದು, ಎಲ್ಲಕ್ಕಿಂತ ಮೇಲಿನದು ಹೊಸದು, ಇನ್ನೂ ಮಿಂಚುತ್ತಿತ್ತು. ಒಂದೇ ಅಳತೆಯ ಸುತ್ತುಗಳು. ಇಂಥ ಸುತ್ತು ಹಾಕುವವನು ಈ ಊರಲ್ಲಿ ಒಬ್ಬನೇ.

ಹೊಳೆಪ್ಪನ ಹೆಂಡತಿ ದೇವಕ್ಕ ಹಪ್ಪಳ ಒಣಹಾಕಲು ಹತ್ತಿದ್ದಳು. ಸೆರಗು ಸರಿ ಮಾಡಿಕೊಂಡು ನಕ್ಕಳು.

"ಭಾವಾರ, ಪ್ರತಿ ವರ್ಷ ಗಾಳಿ ಬೀಸೂ ಮುಂದ ಕಟ್ಟತಾರ. ಯಾಕ ಅಂತ ಕೇಳಿದ್ರ, 'ಬಿದ್ರ ನಾನ ಕೆಡವೀನಿ ಅಂತಾನ ಅಂವ' ಅಂತ ಬೈಕೋಂತ ಬೈಕೋಂತನ ಕಟ್ಟತಾರ್ರಿ."

ನನ್ನ ಕೆಲಸ ಅಂದರೆ ಹಾಗೆ ಅಂತ ಈ ಡೈರಿಯ ಮೊದಲ ಪುಟದಲ್ಲೇ ಬರೆದಿದ್ದೇನೆ. ಈಗ ಓದಿ ನೋಡಿದೆ. ಹುಡುಗಿಯರು ಹೆಗಲು ತಟ್ಟಿಕೊಂಡದ್ದರಲ್ಲಿ ತಪ್ಪೇನಿಲ್ಲ, ನಾನು ಬಡಾಯಿಕೋರನೇ.

ಆ ಕಡೆಯ ತಂತಿ ಬಿಚ್ಚಲು ನನಗೆ ಕೈ ಎಟುಕಲಿಲ್ಲ. "ಗ್ವಾಡೇ, ತಂತಿ ಆ ಕಡೆಯಿಂದ ಬಿಚ್ಚಬೇಕಾಗೇತಿ," ಅಂದೆ. ಹೊಳೆಪ್ಪ ಇಕ್ಕಳ ಹಿಡಿದು ಬಂದ. ಎಮ್ಮೆಗೂ ಏನೂ ಹೇಳಲಿಲ್ಲ. ಅವನು ಆ ಕಡೆಯಿಂದ ಬಿಚ್ಚಿದ, ನಾನು ಈ ಕಡೆಯಿಂದ ಹಿಡಿದೆ. ಇಳಿಸುವಾಗ ಒಂದು ಸಲ ಇಬ್ಬರ ಕೈಯೂ ಒಂದೇ ಕಡೆ ಬಂದವು. ಅವನ ಕೈಯಲ್ಲಿ ಹತ್ತಿಕಾಯಿ ಗೀರಿದ ಗಾಯಗಳಿವೆ.

ಗುರವ್ವ ಛತ್ರಿಯನ್ನು ಬೋರಲು ಹಾಕಿ ಕೋಳಿಮರಿ ಮುಚ್ಚಿದ್ದಾಳೆ. ಚೆನ್ನಾಗಿ ಒಪ್ಪುತ್ತದೆ.

ನವೆಂಬರ್ 28, ಶುಕ್ರವಾರ

ಹೊಳೆಪ್ಪನ ಹಿತ್ತಲ ಕಂಬದಿಂದ, ಅವನ ಮಾಳಿಗೆಯ ಮೇಲಿಂದ, ನಡುಗೋಡೆಯ ಹಳೆಯ ತೂತಿನ ಕೊಕ್ಕೆಗೆ, ಅಲ್ಲಿಂದ ನಮ್ಮ ಮನೆಗೆ. ಇಸ್ರಾರ್‌ಗೆ ಇಪ್ಪತ್ತೇ ನಿಮಿಷ ಹಿಡಿಯಿತು. ಉಳಿದ ಮೂರು ತೂತುಗಳಿಗೆ ನಾನೇ ಸಿಮೆಂಟು ಮೆತ್ತಿದೆ, ಆ ಕಡೆಯಿಂದಲೂ ಒಂದು ಕರಣೆ ಮೆತ್ತುವ ಸದ್ದು ಕೇಳುತ್ತಿತ್ತು.

ಇಳಿಯುವಾಗ ಇಸ್ರಾರ್ ಅಂದ, "ಕಾಕಾ, ನಿಮ್ಮ ವೈಫೈ ಪೆಟಗಿ ನಡುಗ್ವಾಡಿಗೇ ಹತ್ತೇತಿ. ಇಂಟರ್ನೆಟ್ ಆ ಮನಿಗೂ ಹೊಕ್ಕೈತಿ. ಗ್ವಾಡಿ ಅದನ್ನ ತಡಿಯೂದಿಲ್ಲ."

"ಹೋಗಲಿ ಬಿಡು," ಅಂದೆ. ಸೌಂದರ್ಯಾಗೂ ಬೇಕಾಗುತ್ತದೆ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಯ ಮೇಲೆ ಕಲ್ಲು ಹೇರಿ ಇಟ್ಟೆ. ಸಂಜೆ ನೋಡಿದರೆ ಚೀಟಿ ಇರಲಿಲ್ಲ, ಅಲ್ಲಿ ಎಲೆ ಮುಚ್ಚಿದ ಬಟ್ಟಲಲ್ಲಿ ಶೇಂಗಾ ಹೋಳಿಗೆ ಇತ್ತು. ಎರಡು ನಾನೇ ತಿಂದೆ. ಗುರವ್ವ ಮೂರು ಅನ್ನುತ್ತಾಳೆ.

ಡಿಸೆಂಬರ್ 1, ಸೋಮವಾರ

ಒಂಬತ್ತೂವರೆಗೆ ಸೌಂದರ್ಯಾ ಬಂದಳು. ಗೋಡೆ ಹತ್ತಿ ಅ‍ಲ್ಲ, ತಲೆಬಾಗಿಲಿನಿಂದ. ಪರೀಕ್ಷೆಗೆ ಮುಂಚೆ ಕೈ ಹದ ಮಾಡಿಕೊಳ್ಳಲು ಮಹಾನಂದಾ ಕರೆದಿದ್ದಳಂತೆ. ಒಳಗೆ ಕಾಲಿಡುತ್ತಲೇ ನನ್ನನ್ನು ನೋಡಿ ಹಲ್ಲೆಲ್ಲ ಕಾಣುವಂತೆ ನಕ್ಕು, ಹೆಗಲನ್ನು ಎರಡು ಸಲ ತಟ್ಟಿಕೊಂಡಳು.

ಸಿಟ್ಟು ಬರಲಿಲ್ಲ. ಕಲಿತ ಸನ್ನೆಯಲ್ಲಿ "ಬಾ, ಊಟ" ಅಂದೆ. ಅವಳು ಕಣ್ಣರಳಿಸಿದಳು. ಮಹಾನಂದಾಳ ಬಾಯಿಯೂ ತೆರೆದೇ ಉಳಿಯಿತು.

"ಅಪ್ಪಾ, ನೀ ಯಾವಾಗ ಕಲತಿ?"

"ನನ್ನ ಬಡಾಯಿಕೋರ ಅಂತೀರಿ ಅಂತ ಗೊತ್ತಾದ ದಿನದಿಂದ," ಅಂದೆ. "ಬೆನ್ನ ತಾನ ತಟ್ಟಿಕೊಳ್ಳಾಂವ. ಇರಲಿ, ಖರೇನ ಐತಿ."

ಅವಳು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಅದು ಬೆನ್ನಲ್ಲ ಅಪ್ಪಾ, ಹೆಗಲ. ಅದು ನಿನ್ನ ಹೆಸರ. ಆರ ವರ್ಷದಾಕಿ ಇದ್ದಾಗ ಆಕೀನ ಇಟ್ಟದ್ದು. ಮಳಗಾಲದಾಗ ಎರಿ ರಾಡಿ ಒಳಗ ಕಾಲ ಹುಗೀತಿದ್ದವು. ಸ್ವಾಮಾರ ಸ್ವಾಮಾರ ಹುಬ್ಬಳ್ಳಿ ಸಾಲಿಗೆ ಹೋಗೂ ಬಸ್ಸಿಗೆ ನೀ ಆಕೀನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡ ಒಯ್ಯತಿದ್ದಿ. ಹೆಗಲ ದೊಡ್ಡಪ್ಪ. ಅವರ ಮನ್ಯಾಗ ಎಲ್ಲಾರೂ ನಿನಗ ಹಂಗ ಅಂತಾರ."

"ಎಲ್ಲಾರೂ?"

"ಕಾಕಾನೂ."

ಸೌಂದರ್ಯಾ ನಮ್ಮಿಬ್ಬರ ಬಾಯಿ ನೋಡುತ್ತಿದ್ದಳು. ಎರಡು ಬೆರಳಿನಲ್ಲಿ ಸಣ್ಣ ಕಾಲು ಮಾಡಿ ರಾಡಿಯಲ್ಲಿ ಹುಗಿಸಿದಳು, ಕಿತ್ತು ತೆಗೆದು ತನ್ನ ಹೆಗಲ ಮೇಲೆ ಕೂರಿಸಿದಳು. ಕಲಿಯದಿದ್ದರೂ ಅದು ಅರ್ಥವಾಗುತ್ತಿತ್ತು. ನಾನು ಕಣ್ಣಿಗೆ ಧೂಳು ಬಿತ್ತು ಅಂತ ಹೊರಗೆ ಹೋದೆ. ಗುರವ್ವ ಆಗ ತಾನೇ ಪಡಸಾಲೆ ಒರೆಸಿದ್ದಳು, ಧೂಳು ಎಲ್ಲಿಂದ ಬರಬೇಕು?

ಹತ್ತಕ್ಕೆ ಪರೀಕ್ಷೆ ಶುರು. ಹತ್ತೂ ನಲವತ್ತಕ್ಕೆ ಮುಗಿಯಿತು. ಒಂದು ಬೆರಳೂ ನಿಲ್ಲಲಿಲ್ಲ. ಪರದೆಯ ಆ ಕಡೆ ಕೂತಿದ್ದ ಕಿವಿ ಕೇಳದ ಹೆಣ್ಣುಮಗಳು ಕೊನೆಗೆ ಎರಡೂ ಕೈ ಮೇಲೆತ್ತಿ ಬೆರಳು ಅಲುಗಾಡಿಸಿದಳು. ಚಪ್ಪಾಳೆ ಅಂತೆ ಅದು. ಕೆಲಸ ನಾಳೆಯಿಂದಲೇ.

ಡಿಸೆಂಬರ್ 2, ಮಂಗಳವಾರ

ಬೆಳಿಗ್ಗೆ ಆರೂವರೆ. ಕೆಳಗೆ ಮಹಾನಂದಾ ತಲೆ ಬಾಚಿಕೊಳ್ಳುತ್ತಿದ್ದಳು. ಕಡಲೆ ಹರವಲು ಮಾಳಿಗೆ ಹತ್ತಿದೆ. ಛತ್ರಿ ಇರದ ಗೋಡೆ ಬಹಳ ಗಿಡ್ಡ ಕಾಣುತ್ತಿತ್ತು. ಇಷ್ಟು ಗಿಡ್ಡ ಗೋಡೆಯೇ ಇದು!

ಆ ಕಡೆ ತಮ್ಮ ನಿಂತಿದ್ದ, ಕೈಯಲ್ಲಿ ಚಹಾದ ಲೋಟ. ಎಮ್ಮೆಯನ್ನು ಮೇಯಲು ಬಿಟ್ಟಾಗಿತ್ತು. ಹೇಳಲು ನನ್ನ ಹತ್ತಿರ ಗೋಡೆ ಇತ್ತು, ಆದರೆ ಗೋಡೆಗೆ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಅವನು ಲೋಟವನ್ನು ಗೋಡೆಯ ಮೇಲೆ ಇಟ್ಟ. ನನ್ನನ್ನು ನೋಡಿ ತನ್ನ ಬಲಹೆಗಲನ್ನು ಎರಡು ಸಲ ತಟ್ಟಿಕೊಂಡ.

ನಾನು "ಓ" ಅಂದೆ.